ಬಿಎಸ್ಸಿ ಮಕ್ಕಳ ಕಂಪ್ಯೂಟರ್ ಪ್ರಾಜೆಕ್ಟ್ ಅಂದ್ರೆ ಏನು? ಅರಸೀಕೆರೆ ತೆಂಗಿನಕಾಯಿ, ಬೇಲೂರು ಕಂಬದ ಲೆಕ್ಕದಲ್ಲಿ ನೋಡಿ

ಕೊನೇ ವರ್ಷದ ಬಿಎಸ್ಸಿ ಓದೋ ಮಗನೋ ಮಗಳೋ ಮನೆಗೆ ಬಂದು "ಪ್ರಾಜೆಕ್ಟಿಗೆ ದುಡ್ಡು ಬೇಕು" ಅಂತಾರೆ. ಅಂಗಡಿ ಗಲ್ಲಾದಲ್ಲಿ ಕೂತ ಅಪ್ಪ ಒಂದೆರಡು ಸಾವಿರ ಎಣಿಸಿ ಕೊಡ್ತಾರೆ. ಏನು ಪ್ರಾಜೆಕ್ಟ್ ಅಂತ ಕೇಳಿದ್ರೆ "ಫಿಸಿಕ್ಸ್‌ದು, ಕಂಪ್ಯೂಟರಲ್ಲಿ ಮಾಡೋದು, ನಾಲ್ಕು ಜನ ಸೇರಿ" ಅನ್ನೋ ಉತ್ತರ ಬರತ್ತೆ. ಅಲ್ಲಿಗೆ ಮಾತು ಮುಗೀತು. ಫಿಸಿಕ್ಸ್ ಅಂದ್ರೆ ಲ್ಯಾಬಲ್ಲಿ ಲೋಲಕ, ಮಸೂರ, ಕರೆಂಟ್ ಮೀಟರ್ ಇಟ್ಕೊಂಡು ಮಾಡೋದಲ್ವಾ, ಅದಕ್ಕೆ ಕಂಪ್ಯೂಟರ್ ಯಾಕೆ ಅನ್ನೋ ಪ್ರಶ್ನೆ ಮಾತ್ರ ಉಳ್ಕೊಳತ್ತೆ.

ನಮ್ಮ ಓದುಗರಲ್ಲಿ ಹೆಚ್ಚಿನವರು ಅಂಗಡಿ ಇಟ್ಟವರು, ತೋಟ ಇರೋರು. ದುಡ್ಡು ಕೊಡೋರೂ ನೀವೇ. ಅದಕ್ಕೆ ಈ ಕಂಪ್ಯೂಟರ್ ಫಿಸಿಕ್ಸ್ ಪ್ರಾಜೆಕ್ಟ್ ಒಳಗೆ ನಿಜವಾಗಿ ಏನು ನಡೆಯುತ್ತೆ, ಮಾಡಿದ್ದು ಸರಿ ಇದೆಯಾ ಅಂತ ಗೊತ್ತಾಗೋದು ಹೇಗೆ ಅನ್ನೋದನ್ನ ನಮ್ಮ ಊರಿನ ಲೆಕ್ಕದಲ್ಲೇ ಬಿಡಿಸಿ ಹೇಳ್ತೀನಿ. ನಾನು ಡಿಗ್ರಿ ಅರ್ಧಕ್ಕೇ ಬಿಟ್ಟವನು. ಹಾಗಾಗಿ ಕೈಯಲ್ಲೇ ಲೆಕ್ಕ ಹಾಕಿ ನನಗೆ ಅರ್ಥ ಆಗಿದ್ದನ್ನಷ್ಟೇ ಇಲ್ಲಿ ಬರೀತಾ ಇದೀನಿ.

ಮರದಿಂದ ಬಿದ್ದ ಕಾಯಿ

ಅರಸೀಕೆರೆ ಕಡೆ ತೆಂಗಿನ ಮರ ಇಲ್ಲದ ತೋಟ ಎಲ್ಲಿದೆ? 15 ಮೀಟರ್ ಎತ್ತರದ, ಅಂದರೆ ಸುಮಾರು 50 ಅಡಿಯ ಮರ ಅಂತ ಇಟ್ಕೊಳ್ಳಿ. ಮೇಲಿಂದ ಕಾಯಿ ಕಳಚಿತು. ನೆಲಕ್ಕೆ ಬೀಳೋಕೆ ಎಷ್ಟು ಹೊತ್ತು ಬೇಕು?

ಗಾಳಿಯ ತಡೆ ಲೆಕ್ಕಕ್ಕೆ ತಗೊಳ್ಳದಿದ್ರೆ ಹೈಸ್ಕೂಲ್ ಸೂತ್ರವೇ ಸಾಕು: 1.75 ಸೆಕೆಂಡ್. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 17 ಮೀಟರ್, ಅಂದ್ರೆ ಗಂಟೆಗೆ ಹತ್ತತ್ರ 62 ಕಿಲೋಮೀಟರ್. ಮರದ ಕೆಳಗೆ ಬೈಕ್ ನಿಲ್ಲಿಸಬೇಡಿ ಅಂತ ಹಿರಿಯರು ಹೇಳೋದು ಸುಮ್ನೆ ಅಲ್ಲ.

ಆದ್ರೆ ಕಂಪ್ಯೂಟರಿಗೆ ಸೂತ್ರ ತಾನಾಗೇ ಗೊತ್ತಿರಲ್ಲ. ಅದಕ್ಕೆ ಬರೋದು ಕೂಡೋದು, ಗುಣಿಸೋದು, ಅದನ್ನೇ ಬೇಸರ ಇಲ್ಲದೆ ಲಕ್ಷ ಸಲ ಮಾಡೋದು. ಹಾಗಾಗಿ ಹುಡುಗರು ಅದಕ್ಕೆ ಹೀಗೆ ಹೇಳಿಕೊಡ್ತಾರೆ: ಹೊತ್ತನ್ನ ಸಣ್ಣ ಸಣ್ಣ ತುಂಡು ಮಾಡು. ಈಗ ಕಾಯಿಗೆ ಎಷ್ಟು ವೇಗ ಇದೆಯೋ ಅದೇ ವೇಗದಲ್ಲಿ ಒಂದು ತುಂಡು ಹೊತ್ತು ಇಳಿಸು. ಆಮೇಲೆ ಭೂಮಿ ಎಳೆದಿದ್ದಕ್ಕೆ ಅದರ ವೇಗವನ್ನ ಸ್ವಲ್ಪ ಜಾಸ್ತಿ ಮಾಡು. ಮತ್ತೆ ಇಳಿಸು. ನೆಲ ಸಿಗೋವರೆಗೆ ಇದನ್ನೇ ಮಾಡ್ತಾ ಇರು.

ಅರ್ಧ ಸೆಕೆಂಡಿನ ತುಂಡು ಇಟ್ಕೊಂಡು ಚೀಟಿ ಮೇಲೆ ಮಾಡಿ ನೋಡಿ. ಮೊದಲ ಅರ್ಧ ಸೆಕೆಂಡ್ ವೇಗ ಸೊನ್ನೆ, ಕಾಯಿ ಇದ್ದಲ್ಲೇ ಇದೆ. ವೇಗಕ್ಕೆ 4.9 ಸೇರಿತು. ಎರಡನೇ ತುಂಡಿನಲ್ಲಿ 2.45 ಮೀಟರ್ ಇಳೀತು. ವೇಗ 9.8 ಆಯ್ತು. ಮೂರನೇದರಲ್ಲಿ ಇನ್ನೂ 4.9 ಮೀಟರ್, ಒಟ್ಟು 7.35. ವೇಗ 14.7. ನಾಲ್ಕನೇದರಲ್ಲಿ 7.35 ಸೇರಿ ಒಟ್ಟು 14.7 ಮೀಟರ್. ಅಂದ್ರೆ ಪೂರ್ತಿ 2 ಸೆಕೆಂಡ್ ಆದ್ರೂ ಕಾಯಿ ಇನ್ನೂ ನೆಲದಿಂದ ಒಂದಡಿ ಮೇಲೇ ಇದೆ! ನಿಜವಾದ ಕಾಯಿ ಅಷ್ಟೊತ್ತಿಗೆ ಬಿದ್ದು ಉರುಳಿ ಕಾಲುವೆ ಸೇರಿರತ್ತೆ.

ತುಂಡನ್ನ ಸೆಕೆಂಡಿನ ಹತ್ತನೇ ಒಂದು ಭಾಗ ಮಾಡಿದ್ರೆ ಉತ್ತರ 1.8 ಸೆಕೆಂಡ್ ಬರತ್ತೆ. ನೂರನೇ ಒಂದು ಭಾಗ ಮಾಡಿದ್ರೆ 1.755. ಸರಿಯಾದ ಉತ್ತರದ ಹತ್ತಿರ ಹತ್ತಿರ ಬರ್ತಾ ಹೋಗತ್ತೆ. ಬಡ್ಡಿ ಲೆಕ್ಕ ಗೊತ್ತಿರೋರಿಗೆ ಇದು ಹೊಸದಲ್ಲ. ವರ್ಷಕ್ಕೊಂದು ಸಲ ಬಡ್ಡಿಯನ್ನ ಅಸಲಿಗೆ ಸೇರಿಸಿದ್ರೆ ಒಂದು ಮೊತ್ತ, ತಿಂಗಳಿಗೊಮ್ಮೆ ಸೇರಿಸಿದ್ರೆ ಬೇರೆ ಮೊತ್ತ, ದಿನಾ ಸೇರಿಸಿದ್ರೆ ಇನ್ನೊಂದು. ತುಂಡು ಸಣ್ಣದಾದಷ್ಟೂ ಉತ್ತರ ಒಂದು ಕಡೆ ನಿಲ್ತಾ ಬರತ್ತೆ.

ಕಂಪ್ಯೂಟರ್ ಫಿಸಿಕ್ಸಿನ ಬುಡ ಇಷ್ಟೇ. ಈ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರೂ ಬೇಡ. ನಿಮ್ಮ ಅಂಗಡಿ ಸ್ಟಾಕ್ ಬರೆಯೋ ಎಕ್ಸೆಲ್ ಶೀಟಲ್ಲೇ ಮೂರು ಕಾಲಂ ಹಾಕಿ ಎಳೆದ್ರೆ ಆಗೋಗತ್ತೆ.

ಗಲ್ಲಾ ತಾಳೆ ಆಗಬೇಕು

ಈಗ ಮುಖ್ಯ ವಿಷಯ. ಅರ್ಧ ಸೆಕೆಂಡಿನ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಿತು ಅಂತ ನಮಗೆ ಗೊತ್ತಾಗಿದ್ದು ಸರಿ ಉತ್ತರ ಮೊದಲೇ ಗೊತ್ತಿದ್ದರಿಂದ. ಸರಿ ಉತ್ತರ ಯಾರಿಗೂ ಗೊತ್ತಿಲ್ಲದ ಲೆಕ್ಕ ಆದ್ರೆ? ಪ್ರೋಗ್ರಾಂ ಓಡಿತು, ಚಂದದ ಬಣ್ಣದ ಗ್ರಾಫ್ ಬಂತು, ಎಲ್ಲೂ ಕೆಂಪು ಅಕ್ಷರದ ಎರರ್ ಇಲ್ಲ. ಆದ್ರೂ ಒಳಗಿನ ಅಂಕಿ ಪೂರಾ ತಪ್ಪಿರಬಹುದು.

ರಾತ್ರಿ ಶಟರ್ ಎಳೆಯೋ ಮುಂಚೆ ನೀವು ಏನು ಮಾಡ್ತೀರಿ? ಬೆಳಿಗ್ಗೆ ಗಲ್ಲಾದಲ್ಲಿ ಇದ್ದದ್ದು, ಬಂದದ್ದು, ಕೊಟ್ಟದ್ದು ಕೂಡಿ ಕಳೆದು ಕೈಯಲ್ಲಿರೋ ದುಡ್ಡಿಗೆ ತಾಳೆ ನೋಡ್ತೀರಿ. ನೂರು ರೂಪಾಯಿ ಕಮ್ಮಿ ಬಂದ್ರೆ ಎಲ್ಲೋ ಏನೋ ಆಗಿದೆ ಅಂತ ಅರ್ಥ. ನೂರು ರೂಪಾಯಿ ಜಾಸ್ತಿ ಬಂದ್ರೂ ಅಷ್ಟೇ, ಖುಷಿ ಪಡೋ ವಿಷಯ ಅಲ್ಲ.

ಫಿಸಿಕ್ಸಲ್ಲೂ ಹೀಗೇ ಒಂದು ಗಲ್ಲಾ ಇದೆ, ಅದರ ಹೆಸರು ಶಕ್ತಿ. ಒಂದೂವರೆ ಕೆಜಿ ಕಾಯಿ 15 ಮೀಟರ್ ಮೇಲೆ ಇದ್ದಾಗ ಅದರ ಖಾತೆಯಲ್ಲಿ ಸುಮಾರು 220 ಜೌಲ್ ಶಕ್ತಿ ಜಮಾ ಇರತ್ತೆ. ಬೀಳ್ತಾ ಬೀಳ್ತಾ ಎತ್ತರದ ಖಾತೆಯಿಂದ ವೇಗದ ಖಾತೆಗೆ ವರ್ಗ ಆಗತ್ತೆ ಅಷ್ಟೇ, ಒಟ್ಟು ಮೊತ್ತ ಅದೇ 220. ಈಗ ಅರ್ಧ ಸೆಕೆಂಡಿನ ಪ್ರೋಗ್ರಾಮಿನ ಗಲ್ಲಾ ತೆಗೆದು ನೋಡಿ. 2 ಸೆಕೆಂಡ್ ಆದಾಗ ಅದು ಹೇಳೋ ವೇಗ 19.6, ಎತ್ತರ 0.3 ಮೀಟರ್. ಕೂಡಿದ್ರೆ 292 ಜೌಲ್! ಎಪ್ಪತ್ತು ಚಿಲ್ಲರೆ ಜೌಲ್ ಎಲ್ಲಿಂದ ಬಂತು? ಯಾರೂ ಕೊಟ್ಟಿಲ್ಲ. ಸರಿ ಉತ್ತರ ಗೊತ್ತಿಲ್ಲದಿದ್ರೂ ಈ ಒಂದು ತಾಳೆಯಿಂದಲೇ ಪ್ರೋಗ್ರಾಂ ಕಳ್ಳಲೆಕ್ಕ ಬರೀತಾ ಇದೆ ಅಂತ ಸಿಕ್ಕಿಬೀಳತ್ತೆ. ಹತ್ತನೇ ಒಂದು ಭಾಗದ ತುಂಡಿಗೆ ಈ ವ್ಯತ್ಯಾಸ 13 ಜೌಲಿಗೆ ಇಳಿಯತ್ತೆ, ನೂರನೇ ಒಂದು ಭಾಗಕ್ಕೆ ಒಂದೂವರೆ ಜೌಲಿಗೂ ಕಮ್ಮಿ.

ಒಳ್ಳೆ ಪ್ರಾಜೆಕ್ಟ್ ರಿಪೋರ್ಟಲ್ಲಿ ಗ್ರಾಫಿಗಿಂತ ಈ ತಾಳೆ ಪುಟವೇ ಮುಖ್ಯ. ನನ್ನ ಪ್ರಕಾರ ಮಾರ್ಕ್ಸ್ ಕೊಡೋದಿದ್ರೆ ಅರ್ಧ ಮಾರ್ಕ್ಸ್ ಇದಕ್ಕೇ ಕೊಡಬೇಕು.

ಗಾಳಿಯ ತಡೆ ಸೇರಿಸಿದ್ರೆ ಏನಾಗತ್ತೆ ಅಂತ ಕೇಳೋರಿಗೆ: ಕಾಯಿಯ ಅಗಲ 20 ಸೆಂಟಿಮೀಟರ್ ಅಂತ ಹಿಡಿದು ನಾನು ಲೆಕ್ಕ ಹಾಕಿದಾಗ ಬೀಳೋ ವೇಗ 62ರಿಂದ ಗಂಟೆಗೆ 59 ಕಿಲೋಮೀಟರಿಗೆ ಇಳೀತು. ಅಷ್ಟೇ ವ್ಯತ್ಯಾಸ. ತಲೆಗೆ ಬಿದ್ರೆ ಎರಡೂ ಒಂದೇ. ನೆಟ್ಟಗೆ ಬೀಳೋ ಕಾಯಿಗೆ ಗಾಳಿ ಸೇರಿಸಿದ್ರೂ ಪುಸ್ತಕದಲ್ಲಿ ಸೂತ್ರ ಸಿಗತ್ತೆ. ಆದ್ರೆ ಒಣಗಿದ ಗರಿ ತಿರುಗ್ತಾ ತೂಗಾಡ್ತಾ ಬೀಳೋದಕ್ಕೆ ಪುಸ್ತಕದ ಸೂತ್ರ ಕೈ ಎತ್ತಿಬಿಡತ್ತೆ. ಕಂಪ್ಯೂಟರ್ ಬೇಕಾಗೋದು ಅಲ್ಲಿಂದ ಮುಂದಕ್ಕೆ.

ಬೇಲೂರಿನ ಕಂಬ: ನಾಲ್ಕು ಜನಕ್ಕೆ ಸರಿಯಾದ ಕೆಲಸ

ಸೂತ್ರ ಕೈ ಎತ್ತೋ ಲೆಕ್ಕ ಬೇಕು ಅಂದ್ರೆ ದೂರ ಹೋಗೋದು ಬೇಡ. ಬೇಲೂರು ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ನಿಂತಿರೋ ಕಲ್ಲಿನ ಕಂಬ ನೀವೆಲ್ಲಾ ನೋಡಿದೀರಿ. ದೇವಸ್ಥಾನ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. 2023ರ ಸೆಪ್ಟೆಂಬರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ದಿನಾ ಟೂರಿಸ್ಟ್ ಬಸ್. ಗೈಡ್‌ಗಳು ಈ ಕಂಬದ ಹತ್ತಿರ ನಿಂತು "42 ಅಡಿ, ಅಡಿಪಾಯ ಇಲ್ಲ, ಬರೀ ತನ್ನ ಭಾರದ ಮೇಲೆ ನಿಂತಿದೆ" ಅಂತ ಹೇಳ್ತಾರೆ. ಜನ ಬಾಯಿ ಬಿಟ್ಕೊಂಡು ನೋಡ್ತಾರೆ, ಸೆಲ್ಫಿ ತಗೊಂಡು ಹೋಗ್ತಾರೆ.

ಇದನ್ನೇ ಫಿಸಿಕ್ಸ್ ಹುಡುಗರು ಪ್ರಶ್ನೆ ಮಾಡ್ಕೊಬಹುದು: ಹೂತಿಡದ ಕಂಬ ಎಷ್ಟು ವಾಲಿದ್ರೆ ಬೀಳತ್ತೆ? ಭೂಮಿ ನಡುಗಿದ್ರೆ ಏನಾಗತ್ತೆ? ನಮ್ಮ ಜಿಲ್ಲೆಗೆ ಭೂಕಂಪದ ಭಯ ಕಮ್ಮಿ, ಆದ್ರೆ ಸುದ್ದಿಯೇ ಇಲ್ಲ ಅಂತಲ್ಲ. 2022ರ ಜೂನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಕಡೆ 3.4 ತೀವ್ರತೆಯ ಸಣ್ಣ ಕಂಪನ ಆಗಿದ್ದು ನೆನಪಿರಬಹುದು.

ಮೊದಲ ಪ್ರಶ್ನೆಗೆ ಪೆನ್ನು ಪೇಪರ್ ಸಾಕು. ಬುಡದ ಅಗಲ 4 ಅಡಿ ಅಂತ ಉದಾಹರಣೆಗೆ ಇಟ್ಕೊಳ್ಳೋಣ (ಅಳೆದ ಅಂಕಿ ಅಲ್ಲ ಇದು, ಲೆಕ್ಕಕ್ಕೆ ಹಿಡಿದದ್ದು), ಕಂಬ ಮೇಲಿಂದ ಕೆಳಗೆ ಒಂದೇ ಅಗಲ ಅಂತಲೂ ಇಟ್ಕೊಳ್ಳೋಣ. ಆಗ ಐದೂವರೆ ಡಿಗ್ರಿ ಹತ್ತಿರ ವಾಲಿದಾಗ ಅದರ ಭಾರದ ಗೆರೆ ಬುಡದ ಅಂಚು ದಾಟತ್ತೆ, ಅಲ್ಲಿಂದ ಮುಂದೆ ಬೀಳತ್ತೆ. ಕೇಳೋಕೆ ಐದೂವರೆ ಡಿಗ್ರಿ ಸಣ್ಣದು. ಆದ್ರೆ ತುದಿ ಸುಮಾರು 4 ಅಡಿ ಪಕ್ಕಕ್ಕೆ ಬರಬೇಕು ಅಂದಾಗ ಅದು ಎಷ್ಟು ಅಂತ ಗೊತ್ತಾಗತ್ತೆ.

ಎರಡನೇ ಪ್ರಶ್ನೆಯಲ್ಲೇ ಮಜಾ ಇರೋದು. ನೆಲ ಅಲುಗಿದಾಗ ಕಂಬ ಒಂದು ಅಂಚಿನ ಮೇಲೆ ಏಳತ್ತೆ, ವಾಪಸ್ ಬಂದು ಧಪ್ ಅಂತ ಕೂರತ್ತೆ, ಆಮೇಲೆ ಆ ಕಡೆ ಅಂಚಿನ ಮೇಲೆ ಏಳತ್ತೆ. ಪ್ರತಿ ಸಲ ಕೂತಾಗ ಸ್ವಲ್ಪ ಶಕ್ತಿ ಸದ್ದಾಗಿ, ಬಿಸಿಯಾಗಿ ಹೋಗತ್ತೆ. ಅಂಚು ಬದಲಾದಾಗಲೆಲ್ಲ ಲೆಕ್ಕವೂ ಹೊಸದಾಗಿ ಶುರು. ನೆಲದ ಅಲುಗಾಟವಂತೂ ಒಂದು ಕ್ರಮದಲ್ಲಿ ಇರಲ್ಲ. ಇದಕ್ಕೆ ಒಂದೇ ಸಾಲಿನ ಸೂತ್ರ ಇಲ್ಲ, ತುಂಡು ತುಂಡಾಗಿ ಓಡಿಸಿಯೇ ನೋಡಬೇಕು.

ಈ ಲೆಕ್ಕಕ್ಕೆ ಒಂದು ಹಳೇ ಕಥೆಯೂ ಇದೆ. 1960ರ ಮೇ ತಿಂಗಳಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಭಾರೀ ಭೂಕಂಪ ಆಯ್ತು. ಕಡ್ಡಿ ಮೇಲೆ ಚೆಂಡು ಇಟ್ಟ ಹಾಗಿದ್ದ ಎತ್ತರದ ನೀರಿನ ಟ್ಯಾಂಕುಗಳು ಉಳ್ಕೊಂಡವು, ನೋಡೋಕೆ ಗಟ್ಟಿ ಇದ್ದ ಟ್ಯಾಂಕುಗಳು ಏಟು ತಿಂದವು. ಅಮೆರಿಕದ ಭೂಕಂಪ ಎಂಜಿನಿಯರ್ ಜಾರ್ಜ್ ಹೌಸ್ನರ್ ಇದು ಯಾಕೆ ಅಂತ ತಲೆ ಕೆಡಿಸ್ಕೊಂಡು 1963ರಲ್ಲಿ ಒಂದು ಪ್ರಬಂಧ ಬರೆದ್ರು. ಅದರಲ್ಲಿ ಸಿಕ್ಕಿದ ಒಂದು ವಿಷಯ: ಒಂದೇ ಆಕಾರದ ಎರಡು ಕಂಬ ಇದ್ರೆ ಅದರಲ್ಲಿ ದೊಡ್ಡದನ್ನ ಬೀಳಿಸೋದು ಕಷ್ಟ.

42 ಇಂಚು ಎತ್ತರ, 4 ಇಂಚು ಅಗಲದ ಮರದ ತುಂಡನ್ನ ಬಡಗಿ ಹತ್ತಿರ ಮಾಡಿಸಿ. ಅದೂ ಐದೂವರೆ ಡಿಗ್ರಿಗೇ ಬೀಳತ್ತೆ. ಆದ್ರೆ ಕಂಬ ಅದಕ್ಕಿಂತ 12 ಪಟ್ಟು ದೊಡ್ಡದು, ಹಾಗಾಗಿ ಅದರ ಓಲಾಟ ಸುಮಾರು ಮೂರೂವರೆ ಪಟ್ಟು ನಿಧಾನ. ಮರದ ತುಂಡನ್ನ ಉರುಳಿಸೋ ಒಂದು ಜರ್ಕ್ ಕಂಬಕ್ಕೆ ಸಾಲೋದಿಲ್ಲ. ಕಂಬ ಏಳೋ ಅಷ್ಟರಲ್ಲಿ ನೆಲ ಆ ಕಡೆಯಿಂದ ಈ ಕಡೆಗೆ ವಾಪಸ್ ಬಂದಿರತ್ತೆ.

ನಾಲ್ಕು ಜನ ಇದನ್ನ ಹೇಗೆ ಹಂಚ್ಕೊಳ್ಳಬೇಕು? ಸಾಮಾನ್ಯವಾಗಿ ಆಗೋದು ಏನು ಅಂದ್ರೆ, ಕಂಪ್ಯೂಟರ್ ಬರೋನು ಒಬ್ಬ ಕೋಡ್ ಬರೀತಾನೆ, ಒಬ್ಬಳು ಟೈಪ್ ಮಾಡ್ತಾಳೆ, ಒಬ್ಬ ಬೈಂಡಿಂಗ್ ಮಾಡಿಸ್ತಾನೆ, ನಾಲ್ಕನೆಯವನು ಸಹಿ ಹಾಕ್ತಾನೆ. ಇದು ಹಂಚಿಕೆ ಅಲ್ಲ, ಮದುವೆ ಮನೆ ಓಡಾಟ. ನನಗೆ ಸರಿ ಅನ್ಸೋದು ಬೇರೆ ರೀತಿ. ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಬೇರೆ ಬೇರೆ ಪ್ರೋಗ್ರಾಂ ಬರೀಲಿ. ಮೂರನೆಯವಳು ಉತ್ತರ ಮೊದಲೇ ಗೊತ್ತಿರೋ ಸಣ್ಣ ಲೆಕ್ಕಗಳನ್ನ ಕೊಟ್ಟು ಇಬ್ಬರನ್ನೂ ಪರೀಕ್ಷೆ ಮಾಡಲಿ: ನೆಲ ಅಲುಗದಿದ್ರೆ ಕಂಬ ಸುಮ್ನೆ ನಿಂತಿದೆಯಾ, ಒಂದು ಏಟಿನಿಂದ ಇನ್ನೊಂದು ಏಟಿನ ನಡುವೆ ಶಕ್ತಿ ತಾಳೆ ಆಗತ್ತಾ, ತುಂಡು ಅರ್ಧ ಮಾಡಿದ್ರೆ ಉತ್ತರ ಅಲ್ಲೇ ನಿಲ್ಲತ್ತಾ. ನಾಲ್ಕನೆಯವನು ಮರದ ತುಂಡು ಇಟ್ಕೊಂಡು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಪ್ರೋಗ್ರಾಂ ಹೇಳಿದ್ದಕ್ಕೆ ಹೋಲಿಸಲಿ. ಎರಡು ಪ್ರೋಗ್ರಾಂ ಒಂದೇ ಉತ್ತರ ಕೊಡದಿದ್ರೆ ಜಗಳ ಆಗತ್ತೆ. ಆಗಲಿ, ಆ ಜಗಳದಲ್ಲೇ ಅವರು ಫಿಸಿಕ್ಸ್ ಕಲಿಯೋದು.

ಕೋಡ್ ಬರೆದವಳ ಹೆಸರು ಎಲ್ಲಿ?

ಇಂಥ ಕೆಲಸದ ಇತಿಹಾಸದಲ್ಲೇ ಬಲು ದೊಡ್ಡ ಹೆಸರಿನ ಒಂದು ಗ್ರೂಪ್ ಪ್ರಾಜೆಕ್ಟ್ ಇದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಎನ್ರಿಕೊ ಫರ್ಮಿ, ಜಾನ್ ಪಾಸ್ತಾ, ಸ್ಟಾನಿಸ್ಲಾವ್ ಉಲಾಂ ಸೇರಿ ಮೇನಿಯಾಕ್ ಅನ್ನೋ ಕಂಪ್ಯೂಟರಲ್ಲಿ ಒಂದು ಲೆಕ್ಕ ಓಡಿಸಿದ್ರು. ಸ್ಪ್ರಿಂಗಿನಿಂದ ಒಂದಕ್ಕೊಂದು ಪೋಣಿಸಿದ ಮಣಿಗಳ ಸಾಲು. ಒಂದು ರೀತಿ ಅಲುಗಿಸಿ ಬಿಟ್ರೆ ಆ ಶಕ್ತಿ ನೆಲಕ್ಕೆ ಚೆಲ್ಲಿದ ನೀರಿನ ಹಾಗೆ ಎಲ್ಲಾ ಕಡೆ ಹರಡ್ಕೊಳ್ಳತ್ತೆ ಅಂತ ಅವರ ಅಂದಾಜು. ಸ್ವಲ್ಪ ಹೊತ್ತು ಹಂಚಿಕೊಂಡಿತು ಕೂಡಾ. ಆದ್ರೆ ಆಮೇಲೆ ಶಕ್ತಿ ಹೆಚ್ಚುಕಮ್ಮಿ ಪೂರ್ತಿಯಾಗಿ ಮೊದಲಿನ ರೀತಿಗೇ ವಾಪಸ್ ಬಂತು! ಚೆಲ್ಲಿದ ನೀರು ತಾನೇ ಚೊಂಬಿಗೆ ಸೇರ್ಕೊಂಡ ಹಾಗೆ. ಪೆನ್ನು ಪೇಪರಲ್ಲಿ ಯಾರೂ ಊಹಿಸದೇ ಇದ್ದದ್ದು. ಅಲ್ಲಿಂದ ಫಿಸಿಕ್ಸಲ್ಲಿ ಹೊಸ ದಾರಿಗಳೇ ತೆರೆದುಕೊಂಡವು.

1954ರ ನವೆಂಬರಲ್ಲಿ ಫರ್ಮಿ ತೀರಿಕೊಂಡ್ರು, 1955ರಲ್ಲಿ ವರದಿ ಬಂತು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನ ಐವತ್ತು ವರ್ಷ ಎಲ್ಲರೂ ಎಫ್‌ಪಿಯು ಅಂತಲೇ ಕರೆದ್ರು. ಆದ್ರೆ ಆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಓಡಿಸಿದವರು ಮೇರಿ ಸಿಂಗೌ ಅನ್ನೋ ಯುವತಿ. ವರದಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಥ್ಯಾಂಕ್ಸ್, ಅಷ್ಟೇ. 2008ರಲ್ಲಿ ಫ್ರಾನ್ಸಿನ ವಿಜ್ಞಾನಿ ತಿಯರಿ ದೊಶ್ವಾ ಇದನ್ನ ಎತ್ತಿ ಬರೆದ ಮೇಲೆ ಈಗ ಬಹಳ ಜನ ಕೊನೆಗೆ 'ಟಿ' ಸೇರಿಸಿ ಎಫ್‌ಪಿಯುಟಿ ಅಂತಾರೆ. ಇಂಗ್ಲಿಷಲ್ಲಿ ಅವರ ಹೆಸರು 'ಟಿ' ಅಕ್ಷರದಿಂದ ಶುರು ಆಗತ್ತೆ, ಅದಕ್ಕೆ.

ನಮ್ಮ ಕಾಲೇಜುಗಳಲ್ಲಿ ಇದು ಉಲ್ಟಾ. ಅಲ್ಲಿ ಕೆಲಸ ಮಾಡಿದವಳ ಹೆಸರು ಬಿಟ್ಟುಹೋಯ್ತು, ಇಲ್ಲಿ ಕೆಲಸ ಮಾಡದವರ ಹೆಸರೂ ಸೇರ್ಕೊಳತ್ತೆ.

ಅಮೆರಿಕದ ಕಥೆ ನಮಗ್ಯಾಕೆ ಅನ್ನೋರಿಗೆ ಬೆಂಗಳೂರಿನದೂ ಒಂದಿದೆ. ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಲ್ಲಿ, ಅಲ್ಲಿನ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಫ್ಲೋಸಾಲ್ವರ್ ಅನ್ನೋ ಕಂಪ್ಯೂಟರ್ ಕಟ್ಟಿದ್ರು. ಗಾಳಿ ಹರಿಯೋ ಲೆಕ್ಕ ಮಾಡೋಕೆ ಒಂದೇ ಯಂತ್ರ ಸಾಲದು ಅಂತ ಹಲವು ಪ್ರೊಸೆಸರುಗಳಿಗೆ ಕೆಲಸ ಹಂಚಿದ್ದು ಅದರ ವಿಶೇಷ. ಮುಂದೆ ಮುಂಗಾರು ಮಳೆ ಲೆಕ್ಕಕ್ಕೂ ಅದನ್ನ ಬಳಸಿದ್ರು. ಈಗ ನಿಮ್ಮ ಮಗಳ ಕೈಯಲ್ಲಿರೋ ಮೊಬೈಲ್ ಆ ಮೊದಲ ಯಂತ್ರಕ್ಕಿಂತ ಎಷ್ಟೋ ಪಟ್ಟು ಜೋರು.

ರೆಡಿಮೇಡ್ ಪ್ರಾಜೆಕ್ಟ್ ಬೇಕಾ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ರೆಡಿಮೇಡ್ ಪ್ರಾಜೆಕ್ಟ್ ಮಾರೋದು ಎಲ್ಲಾ ಊರಲ್ಲೂ ಇರೋ ವ್ಯಾಪಾರ. ಹೆಸರು ಬದಲಿಸಿ, ಬೈಂಡ್ ಮಾಡಿ, ಚಿನ್ನದ ಅಕ್ಷರ ಹೊಡೆದು ಕೊಟ್ಟುಬಿಡ್ತಾರೆ. ಈಗಂತೂ ಅದೂ ಬೇಡ, ಚಾಟ್‌ಜಿಪಿಟಿಗೆ ಎರಡು ಸಾಲು ಬರೆದ್ರೆ ನಿಮಿಷದಲ್ಲಿ ಕೋಡ್ ಬರತ್ತೆ. ಕೋಡ್ ಎಲ್ಲಿಂದ ಬಂತು ಅನ್ನೋದು ನನಗೆ ದೊಡ್ಡ ತಕರಾರು ಅಲ್ಲ. ಪುಸ್ತಕದಿಂದ ನೋಡಿ ಬರೆದ್ರೂ ಕಲಿಯೋನು ಕಲೀತಾನೆ. ಆದ್ರೆ ಬಂದ ಅಂಕಿ ನಿಜವಾ ಸುಳ್ಳಾ ಅಂತ ಹೇಳೋಕೆ ಆ ನಾಲ್ವರಲ್ಲಿ ಯಾರಿಗೂ ಬರದಿದ್ರೆ, ನೀವು ಕೊಟ್ಟ ದುಡ್ಡು ಬೈಂಡಿಂಗ್ ರಟ್ಟಿಗೆ ಕೊಟ್ಟ ಹಾಗೆ. ನಾಳೆ ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಕೂತಾಗ "ಇದರಲ್ಲಿ ನೀನು ಮಾಡಿದ್ದು ಯಾವ ಭಾಗ?" ಅಂತ ಮೊದಲನೇ ಪ್ರಶ್ನೆಯೇ ಅದು. ಊರಿನ ಸರ್ಕಾರಿ ಕಾಲೇಜಲ್ಲಿ ಓದಿದ ಹುಡುಗಿಗೆ ಅಲ್ಲಿ ತೋರಿಸೋಕೆ ಇರೋದು ಇಂಥ ಒಂದೋ ಎರಡೋ ಕೆಲಸ ಮಾತ್ರ.

ಸ್ವಂತ ಮಾಡೋಕೆ ಖರ್ಚು ಎಷ್ಟು? ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ. ಲೆಕ್ಕಕ್ಕೆ ನಂಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್, ಅವೂ ಪುಕ್ಕಟೆ. ಲ್ಯಾಪ್‌ಟಾಪ್ ಇಲ್ಲದಿದ್ರೆ ಗೂಗಲ್ ಕೋಲ್ಯಾಬ್ ಅಂತ ಇದೆ, ಮೊಬೈಲ್ ಬ್ರೌಸರಲ್ಲೇ ಓಡತ್ತೆ. ಸಣ್ಣ ಪರದೆ ಮೇಲೆ ಟೈಪ್ ಮಾಡೋದು ಹಿಂಸೆ, ಆದ್ರೆ ಓಡತ್ತೆ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಾಫ್ಟ್‌ವೇರ್ ಪಾಠಗಳ ವಿಡಿಯೋಗಳು ಕನ್ನಡ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗ್ತವೆ. ಮರದ ತುಂಡಿಗೆ ಬಡಗಿಗೆ ಕೊಡೋದು, ಪ್ರಿಂಟಿಗೆ ಕೊಡೋದು ಬಿಟ್ರೆ ಬೇರೆ ಖರ್ಚು ಕಾಣಲ್ಲ.

ಮನೇಲಿ ನೀವು ಕೇಳೋಕೆ ಫಿಸಿಕ್ಸ್ ಬರಬೇಕು ಅಂತೇನೂ ಇಲ್ಲ. "ಉತ್ತರ ಸರಿ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ. "ಕಂಪ್ಯೂಟರ್ ಹೇಳಿತು" ಅಂದ್ರೆ ಇನ್ನೂ ಕೆಲಸ ಬಾಕಿ ಇದೆ. "ತುಂಡು ಸಣ್ಣ ಮಾಡಿ ನೋಡಿದ್ವಿ, ಉತ್ತರ ಬದಲಾಗಲಿಲ್ಲ" ಅಂದ್ರೆ ಪರ್ವಾಗಿಲ್ಲ. "ಮೊದಲು ತಪ್ಪು ಬಂತು, ಶಕ್ತಿ ತಾಳೆ ಆಗ್ಲಿಲ್ಲ, ಮೂರು ದಿನ ಹುಡುಕಿದ್ವಿ" ಅಂದ್ರೆ ಕೇಳಿದ್ದಕ್ಕಿಂತ ಇನ್ನೂರು ಜಾಸ್ತಿ ಕೊಡಿ.

ವಿಷಯ ಹುಡುಕೋಕೂ ಇಂಟರ್ನೆಟ್ ಬೇಡ. ಅರಸೀಕೆರೆ ಜಂಕ್ಷನಲ್ಲಿ ನಿಲ್ಲೋಕೆ ರೈಲು ಎಷ್ಟು ದೂರದಿಂದ ಬ್ರೇಕ್ ಹಾಕಬೇಕು ಅನ್ನೋದು ಒಂದು ಪ್ರಾಜೆಕ್ಟ್. ಬಿಸಿಲಿಗೆ ಹರಡಿದ ಕೊಬ್ಬರಿ ಒಳಗಿನ ತೇವ ಎಷ್ಟು ದಿನಕ್ಕೆ ಆರತ್ತೆ ಅನ್ನೋದು ಇನ್ನೊಂದು, ಇದರ ಉತ್ತರಕ್ಕೆ ಮಂಡಿಯವರೂ ಕಾಯ್ತಾರೆ. ಹಳೇಬೀಡಿನ ದ್ವಾರಸಮುದ್ರ ಕೆರೆ ನೀರು ಬೇಸಿಗೆಯಲ್ಲಿ ಆವಿಯಾಗಿ ದಿನಕ್ಕೆ ಎಷ್ಟು ಇಳಿಯತ್ತೆ ಅನ್ನೋದು ಮತ್ತೊಂದು. ದಡದಲ್ಲಿ ಗುರುತು ಹಾಕಿದ ಒಂದು ಕೋಲು ನೆಟ್ಟು ದಿನಾ ಬರ್ಕೊಂಡ್ರೆ ಪ್ರೋಗ್ರಾಮಿನ ಉತ್ತರಕ್ಕೆ ತಾಳೆ ನೋಡೋ ಅಂಕಿ ಸಿಕ್ಕಹಾಗೆ.

ಬೇಲೂರು ಕಂಬ ಮಾಡ್ತೀವಿ ಅನ್ನೋರಿಗೆ ಒಂದು ಮಾತು. ಅದು ಸಂರಕ್ಷಿತ ಸ್ಮಾರಕ, ಹತ್ತೋದು, ಟೇಪ್ ಕಟ್ಟೋದು, ತಳ್ಳಿ ನೋಡೋದು ಯಾವುದೂ ಬೇಡ. ಬಿಸಿಲಿರೋ ಹೊತ್ತಲ್ಲಿ ಒಂದು ಮೀಟರ್ ಕೋಲನ್ನ ನೆಟ್ಟಗೆ ಹಿಡಿದು ಅದರ ನೆರಳು ಅಳೀರಿ, ಅದೇ ಹೊತ್ತಿಗೆ ಕಂಬದ ನೆರಳು ಅಳೀರಿ. ಕೋಲಿನ ನೆರಳು 60 ಸೆಂಟಿಮೀಟರ್, ಕಂಬದ ನೆರಳು ನಡುಬುಡದಿಂದ ಏಳೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಮ್ಮಿ ಬಂದ್ರೆ ಗೈಡ್ ಹೇಳೋ 42 ಅಡಿ ಸರಿ. ಬೇರೆ ಬಂದ್ರೆ ನಮಗೂ ತಿಳಿಸಿ, ಇಲ್ಲೇ ಹಾಕ್ತೀವಿ.